ಬೇರಿಗೂ ಉಸಿರು ಬೇಕು

ಹೋದ ಚಳಿಗಾಲದಲ್ಲಿ ನಾನೊಂದು ಆರ್ಕಿಡ್ ಗಿಡ ಕೊಂದೆ. ನೀರು ಹಾಕದೆ ಅಲ್ಲ, ಮರೆತು ಅಲ್ಲ... ಅತಿಯಾಗಿ ಪ್ರೀತಿ ಮಾಡಿ ಕೊಂದೆ.

ಆದದ್ದು ಇಷ್ಟು. ಇಲ್ಲಿ ಇಂಗ್ಲೆಂಡಿನಲ್ಲಿ ನವೆಂಬರ್ ಬಂತು ಅಂದ್ರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮನೆಯೊಳಗೆ ಏನಾದರೂ ಹಸಿರು ಇರಲಿ ಅಂತ ಸೂಪರ್ ಮಾರ್ಕೆಟ್ಟಿನಿಂದ ಒಂದು ಬಿಳಿ ಹೂವಿನ ಫಲನಾಪ್ಸಿಸ್ ತಂದೆ. ಕುಂಡದೊಳಗೆ ನೋಡಿದರೆ ಮಣ್ಣೇ ಇಲ್ಲ, ಬರೀ ಮರದ ತೊಗಟೆಯ ಚೂರು! ದುಡ್ಡು ಉಳಿಸೋಕೆ ಏನೋ ತುಂಬಿದ್ದಾರೆ ಅಂದುಕೊಂಡು ಅದನ್ನೆಲ್ಲ ಕಿತ್ತು ಹಾಕಿ, ಒಳ್ಳೆ ಕಪ್ಪು ಗೊಬ್ಬರದ ಮಣ್ಣು ತುಂಬಿದೆ. ಹೀಟರ್ ಉರಿಯೋ ಮನೆಯಲ್ಲಿ ನಮ್ಮ ತುಟಿಯೇ ಒಡೆಯುತ್ತೆ, ಇನ್ನು ಮಳೆಕಾಡಿನ ಗಿಡದ ಗತಿ ಏನು ಅಂತ ದಿನಾ ನೀರು ಹಾಕಿ, ಮೇಲೊಂದು ಪಾರದರ್ಶಕ ಡಬ್ಬಿ ಬೋರಲು ಹಾಕಿದೆ. ಡಬ್ಬಿಯ ಒಳಗೆಲ್ಲ ಹನಿ ಹನಿ ನೀರು. ನೋಡೋಕೆ ಥೇಟ್ ಆಗುಂಬೆ.

ಎರಡು ತಿಂಗಳಿಗೆ ಎಲೆ ಜೋತುಬಿದ್ದವು. ಪಾಪ, ನೀರು ಸಾಲದೇನೋ ಅಂತ ಇನ್ನಷ್ಟು ನೀರು ಹಾಕಿದೆ (ನಗಬೇಡಿ). ಕೊನೆಗೆ ಕುಂಡ ಬುಡಮೇಲು ಮಾಡಿದರೆ ಬೇರೆಲ್ಲ ಕೊಳೆತು, ನೆನೆಸಿಟ್ಟ ಅವಲಕ್ಕಿ ತರ ಬೆರಳಿಗೆ ಅಂಟಿಕೊಂಡು ಬಂದವು.

ಪ್ರೋಗ್ರಾಮ್ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಗೊತ್ತಾಗೋವರೆಗೂ ನಿದ್ದೆ ಬರದಿರೋದು ನಮ್ಮ ಕಸುಬಿನ ಕಾಯಿಲೆ. ಹಾಗಾಗಿ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಒಂದು ಸಮಾಧಾನ ಸಿಕ್ಕಿತು, ಜೊತೆಗೆ ಒಂದು ಸಂಕಟ ಕೂಡ. ಸಮಾಧಾನ ಏನಂದ್ರೆ, ನಾನು ಮಾಡಿದ ಮೂರೂ ತಪ್ಪನ್ನು (ಮಣ್ಣು, ಅತಿ ನೀರು, ಮುಚ್ಚಿದ ಗಾಳಿ) ಇನ್ನೂರು ವರ್ಷದ ಹಿಂದೆ ಈ ದೇಶದ ಅತಿ ದೊಡ್ಡ ತೋಟಗಾರರು, ವಿಜ್ಞಾನಿಗಳು ಎಲ್ಲರೂ ಮಾಡಿದ್ದರು. ಸಂಕಟ ಏನು ಅಂತ ಆಮೇಲೆ ಹೇಳ್ತೀನಿ.

*

ಮೊದಲು ಡಬ್ಬಿಯ ಕತೆ.

ಟವರ್ ಆಫ್ ಲಂಡನ್ ನೋಡಿಕೊಂಡು ಪೂರ್ವಕ್ಕೆ ಒಂದು ಹದಿನೈದು ನಿಮಿಷ ನಡೆದರೆ ವೆಲ್‌ಕ್ಲೋಸ್ ಸ್ಕ್ವೇರ್ ಅಂತ ಒಂದು ಜಾಗ ಇದೆ. ಪ್ರವಾಸಿಗರು ಯಾರೂ ಆ ಕಡೆ ಹೋಗೋಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಅನ್ನೋ ಡಾಕ್ಟರು ಇದ್ದರು. ರೋಗಿಗಳನ್ನು ನೋಡೋದು ಹೊಟ್ಟೆಪಾಡು, ಜರೀಗಿಡ ಬೆಳೆಸೋದು ಹುಚ್ಚು. ಮನೆಯ ಹಿಂದೆ ಕಲ್ಲು ಪೇರಿಸಿ, ಮೇಲಿಂದ ನೀರು ತೊಟ್ಟಿಕ್ಕೋ ಹಾಗೆ ಕೊಳವೆ ಇಟ್ಟು ಜರೀಗಿಡ ನೆಟ್ಟರೂ ಒಂದೂ ಉಳಿಯಲಿಲ್ಲ. ಸುತ್ತಲಿನ ಕಾರ್ಖಾನೆಗಳ ಕಲ್ಲಿದ್ದಲ ಹೊಗೆ ಅಷ್ಟಿತ್ತು.

1829ರಲ್ಲಿ ಅವರು ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನಲ್ಲಿ ಹೂತು, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದರು. ಪತಂಗ ಹೊರಬರೋದನ್ನು ನೋಡೋದು ಉದ್ದೇಶ. ಬಾಟಲಿ ಕಡೆ ನೋಡ್ತಾ ಇದ್ದವರಿಗೆ ಕಂಡದ್ದು ಬೇರೆ. ಹಗಲು ಬಿಸಿಗೆ ಮಣ್ಣಿನ ನೀರು ಆವಿಯಾಗಿ ಗಾಜಿಗೆ ಅಂಟಿಕೊಳ್ತಿತ್ತು, ಮತ್ತೆ ಇಳಿದು ಮಣ್ಣಿಗೇ ಸೇರ್ತಿತ್ತು. ಮಣ್ಣು ಒಣಗುವ ಮಾತೇ ಇಲ್ಲ. ಸ್ವಲ್ಪ ದಿನಕ್ಕೆ ಒಳಗೆ ಒಂದು ಜರೀಗಿಡ, ಒಂದು ಹುಲ್ಲು ತಾವಾಗಿಯೇ ಮೊಳೆತವು. ಹೊರಗೆ ಎಷ್ಟು ಒದ್ದಾಡಿದರೂ ಬದುಕದ ಗಿಡ ಬಾಟಲಿಯೊಳಗೆ ಯಾರೂ ನೀರು ಹಾಕದೆ ನಾಲ್ಕು ವರ್ಷದ ಹತ್ತಿರ ಬದುಕಿತು. ಕೊನೆಗೆ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ಇಳಿದಾಗಲೇ ಸತ್ತದ್ದು.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತೀರಾ? ಆ ಕಾಲದಲ್ಲಿ ದೂರದೇಶದ ಗಿಡಗಳನ್ನು ಹಡಗಿನಲ್ಲಿ ಜೀವಂತ ತರೋದು ಜೂಜು. ಉಪ್ಪುಗಾಳಿ, ಬಿಸಿಲು, ಜೊತೆಗೆ ಕುಡಿಯೋ ನೀರಿನ ಬರ. ನಾವಿಕರಿಗೇ ಅಳೆದು ಕೊಡೋ ನೀರನ್ನು ಗಿಡಕ್ಕೆ ಯಾರು ಹಾಕ್ತಾರೆ? ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಅನ್ನೋ ವೈದ್ಯರು 1819ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಚೀನಾದಿಂದ ಹೊರಟ ಸಾವಿರ ಗಿಡಗಳಲ್ಲಿ ಇಂಗ್ಲೆಂಡಿಗೆ ಬಂದು ಬದುಕುತ್ತಿದ್ದದ್ದು ಒಂದು!

ವಾರ್ಡ್ 1833ರಲ್ಲಿ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಜರೀಗಿಡ, ಹಾವಸೆ, ಹುಲ್ಲು ತುಂಬಿ ಸಿಡ್ನಿಗೆ ಕಳಿಸಿದರು. ಹೆಚ್ಚು ಕಡಿಮೆ ಎಲ್ಲ ಬದುಕಿದ್ದವು. ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾದ ಗಿಡ ತುಂಬಿ 1834ರಲ್ಲಿ ವಾಪಸ್ ಹೊರಟರು. ಕೇಪ್ ಹಾರ್ನ್ ಹತ್ತಿರ ಹಡಗಿನ ಅಟ್ಟದ ಮೇಲೆ ಹಿಮ, ಸಮಭಾಜಕ ವೃತ್ತದಲ್ಲಿ ಕೆಂಡದ ಬಿಸಿಲು. ಎಂಟು ತಿಂಗಳ ಪ್ರಯಾಣ, ಒಂದು ಸಲವೂ ನೀರು ಹಾಕಿಲ್ಲ. ನವೆಂಬರಿನಲ್ಲಿ ಲಂಡನ್ನಿಗೆ ಬಂದಿಳಿದಾಗ ಗಿಡಗಳು ಹಸಿರಾಗಿ ನಿಂತಿದ್ದವು. ಹ್ಯಾಕ್ನಿಯ ಲಾಡಿಜಸ್ ಅನ್ನೋ ಪ್ರಸಿದ್ಧ ನರ್ಸರಿಯವರು, ಮೊದಲು ಇಪ್ಪತ್ತಕ್ಕೆ ಹತ್ತೊಂಬತ್ತು ಸಾಯ್ತಿದ್ದವು, ಈಗ ಇಪ್ಪತ್ತಕ್ಕೆ ಹತ್ತೊಂಬತ್ತು ಬದುಕ್ತವೆ ಅಂತ ಲೆಕ್ಕ ಕೊಟ್ಟರು. ವಾರ್ಡಿಯನ್ ಕೇಸ್ ಅಂತಲೇ ಅದಕ್ಕೆ ಹೆಸರಾಯಿತು. 1842ರಲ್ಲಿ ವಾರ್ಡ್ ಇದರ ಬಗ್ಗೆ ಪುಸ್ತಕವನ್ನೂ ಬರೆದರು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ಹೋದ ಮೇಲಂತೂ ಮಧ್ಯಮ ವರ್ಗದವರ ಮನೆಯ ಹಜಾರಗಳಲ್ಲೂ ಗಾಜಿನ ಪೆಟ್ಟಿಗೆ, ಅದರೊಳಗೆ ಜರೀಗಿಡ. ಈಗ ಟೆರೇರಿಯಂ ಅಂತ ನಾವು ಮೇಜಿನ ಮೇಲೆ ಇಡೋದು ಅದರ ಮೊಮ್ಮಗು.

ಈ ಪೆಟ್ಟಿಗೆ ನಮ್ಮ ಕಡೆಗೂ ಬಂದಿತ್ತು. ಮಲೇರಿಯಾಕ್ಕೆ ಔಷಧಿ ಕೊಡುವ ಸಿಂಕೋನಾ ಗಿಡವನ್ನು ದಕ್ಷಿಣ ಅಮೆರಿಕಾದಿಂದ ನೀಲಗಿರಿಗೆ ತಂದದ್ದು ವಾರ್ಡಿಯನ್ ಕೇಸ್‌ಗಳಲ್ಲೇ. ಆದರೆ ಒಂದು ಮಾತು ಗಮನಿಸಿ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಕೆಂಪು ಸಮುದ್ರದ ದಾರಿಯಲ್ಲಿ ತಂದ ಮೊದಲ ಕಂತಿನ ಗಿಡಗಳು ಆ ಸೆಕೆಯಲ್ಲಿ ಸೋತು, ಒಂದೂ ಉಳಿಯಲಿಲ್ಲ. ಮರುವರ್ಷ ರಿಚರ್ಡ್ ಸ್ಪ್ರೂಸ್ ಸಂಗ್ರಹಿಸಿ, ರಾಬರ್ಟ್ ಕ್ರಾಸ್ ಜೊತೆಗೆ ಬಂದು ತಲುಪಿಸಿದ ಗಿಡಗಳು ಊಟಿಯಲ್ಲಿ ಬೇರೂರಿದವು. ಪೆಟ್ಟಿಗೆ ಅದೇ. ಅಂದರೆ ಮುಚ್ಚಿದ ಗಾಜು ಮಂತ್ರದಂಡವೇನೂ ಅಲ್ಲ. ಒಳಗಿನ ನೀರನ್ನು ಅದು ಕಾಪಾಡುತ್ತೆ ಅಷ್ಟೆ. ಒಳಗಿನ ಬಿಸಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತೆ!

*

ಈಗ ಆರ್ಕಿಡ್ ವಿಷಯಕ್ಕೆ ಬರೋಣ.

ಪ್ರಪಂಚದ ಉಷ್ಣವಲಯದ ಆರ್ಕಿಡ್‌ಗಳಲ್ಲಿ ಬಹುಪಾಲು ಮಣ್ಣಿನಲ್ಲಿ ಬೆಳೆಯೋವಲ್ಲ, ಮರದ ಮೇಲೆ ಕೂತು ಬೆಳೆಯೋವು. ಮರದ ರಸ ಹೀರೋದಿಲ್ಲ, ಸುಮ್ಮನೆ ಕೂರೋಕೆ ಜಾಗ ಬೇಕು ಅಷ್ಟೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಲಸು, ಮಾವಿನ ಕೊಂಬೆಗಳ ಮೇಲೆ ಮುಂಗಾರಿನ ಹೊತ್ತಿಗೆ ನರಿಬಾಲದ ಹಾಗೆ ಜೋತುಬೀಳೋ ನೇರಳೆ-ಬಿಳಿ ಹೂಗೊಂಚಲು, ಸೀತಾಳೆ ದಂಡೆ, ನೋಡದವರು ಯಾರು? ಅದೂ ಆರ್ಕಿಡ್ಡೇ. ರಿಂಕೋಸ್ಟೈಲಿಸ್ ರೆಟ್ಯೂಸಾ ಅಂತ ಅದರ ಶಾಸ್ತ್ರೀಯ ಹೆಸರು.

ಇಲ್ಲೊಂದು ತಮಾಷೆ ಇದೆ. ಡಚ್ಚರ ಕಾಲದಲ್ಲಿ ಕೊಚ್ಚಿಯ ಗವರ್ನರ್ ಆಗಿದ್ದ ವಾನ್ ರೀಡ್ 1678ರಿಂದ 1693ರವರೆಗೆ ಹೊರಬಂದ ಹನ್ನೆರಡು ಸಂಪುಟಗಳ ‘ಹೊರ್ಟಸ್ ಮಲಬಾರಿಕಸ್’ನಲ್ಲಿ ಕೇರಳದ ಗಿಡಗಳನ್ನು ದಾಖಲಿಸಿದ. ಅದರಲ್ಲಿ ಈ ಸೀತಾಳೆ ದಂಡೆಯೂ ಇದೆ. ಅಲ್ಲಿಯ ಜನ ಅದಕ್ಕೆ ಇಟ್ಟಿದ್ದ ಹೆಸರು ಅಂಜಿಲಿ ಮರವಾಳ. ಅಂಜಿಲಿ ಅಂದರೆ ನಮ್ಮ ಹೆಬ್ಬಲಸು. ಮರವಾಳ ಅಂದರೆ ಮರದ ಬಾಳೆ. ಯಾವ ಮರದ ಮೇಲೆ ಬೆಳೆಯುತ್ತೆ ಅಂತ ಹೆಸರಿನಲ್ಲೇ ಬರೆದಿದೆ! ಆ ಪುಸ್ತಕ ಯುರೋಪಿನ ಸಸ್ಯಶಾಸ್ತ್ರಜ್ಞರೆಲ್ಲರ ಕಪಾಟಿನಲ್ಲಿತ್ತು. ಲಿನ್ನೇಯಸ್ 1753ರಲ್ಲಿ ಈ ಗಿಡಕ್ಕೆ ಹೆಸರಿಡುವಾಗ, ಇದೇ ತರದ ಇನ್ನೆಷ್ಟೋ ಆರ್ಕಿಡ್‌ಗಳ ಜೊತೆ ‘ಎಪಿಡೆಂಡ್ರಮ್’ ಗುಂಪಿಗೆ ಸೇರಿಸಿದ. ಗ್ರೀಕಿನಲ್ಲಿ ಅದರ ಅರ್ಥ ‘ಮರದ ಮೇಲಿನದು’.

ಇಷ್ಟೆಲ್ಲ ಆದ ಮೇಲೂ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನವರು ಮಾಡಿದ್ದೇನು? ಮರದ ಮೇಲಿಂದ ಬಂದ ಗಿಡವನ್ನು ಕುಂಡದ ಮಣ್ಣಿಗೆ ನೆಟ್ಟರು. ಮ್ಯಾನುಯಲ್ ಓದದೆ ಇನ್‌ಸ್ಟಾಲ್ ಮಾಡೋ ಚಾಳಿ ನಮ್ಮ ಕಾಲದ್ದು ಮಾತ್ರ ಅಲ್ಲ :-)

ಬರೀ ಮಣ್ಣಿಗೆ ಹಾಕಿ ಬಿಟ್ಟಿದ್ದರೂ ಒಂದಿಷ್ಟು ಬದುಕುತ್ತಿದ್ದವೇನೋ. ಆಗ ಬಿಸಿಮನೆಗಳಲ್ಲಿ ಚರ್ಮ ಹದಮಾಡುವವರು ಬಳಸಿ ಬಿಟ್ಟ ಓಕ್ ತೊಗಟೆಯ ಪುಡಿಯನ್ನು ದಪ್ಪ ಹಾಸಿಗೆಯಂತೆ ಹರಡುತ್ತಿದ್ದರು. ಅದು ಹುಳಿಯುತ್ತಾ ಬಿಸಿ ಬಿಡುತ್ತೆ. ಅನಾನಸ್ ಬೆಳೆಯೋಕೆ ಕಂಡುಕೊಂಡ ಉಪಾಯ ಅದು. ಆರ್ಕಿಡ್ ಕುಂಡಗಳನ್ನೂ ಅದರೊಳಗೆ ಕತ್ತಿನವರೆಗೆ ಹೂತರು. ಕೆಳಗೆ ಬಿಸಿ, ಸುತ್ತ ಹಬೆ, ಮೇಲೆ ಮುಚ್ಚಿದ ಗಾಜು, ಕಿಟಕಿ ತೆಗೆಯೋ ಹಾಗಿಲ್ಲ. ನಮ್ಮ ಇಡ್ಲಿ ಪಾತ್ರೆ ನೆನೆಸಿಕೊಳ್ಳಿ. ಹಾಗಿತ್ತು ಪರಿಸ್ಥಿತಿ.

ಜಾನ್ ಲಿಂಡ್ಲಿ ಆ ಕಾಲದ ಆರ್ಕಿಡ್ ಶಾಸ್ತ್ರಕ್ಕೆ ಪಿತಾಮಹ. ಲಂಡನ್ನಿನ ತೋಟಗಾರಿಕಾ ಸೊಸೈಟಿಯ ದೊಡ್ಡ ತಲೆ. ಅವರೂ 1830ರಲ್ಲಿ ಹೇಳಿದ್ದು ಇದನ್ನೇ: ಹೆಚ್ಚು ಬಿಸಿ, ದಟ್ಟ ನೆರಳು, ತುಂಬಾ ತೇವ. ಅವರ ತರ್ಕ ಸರಳ. ಈ ಗಿಡಗಳು ಉಷ್ಣವಲಯದ್ದು, ಉಷ್ಣವಲಯ ಅಂದರೆ ಬಿಸಿ ಮತ್ತು ಮಳೆ, ಆದ್ದರಿಂದ ಬಿಸಿ ಮತ್ತು ತೇವ ಕೊಡಿ. ದೊಡ್ಡವರ ಮಾತು ಅಂತ ಎಲ್ಲರೂ ಪಾಲಿಸಿದರು, ಗಿಡಗಳು ಸಾಲುಸಾಲಾಗಿ ಸತ್ತವು. (ಲಿಂಡ್ಲಿ ಹಟ ಹಿಡಿಯಲಿಲ್ಲ. ಕಾಡು ಕಂಡು ಬಂದವರ ವರದಿಗಳನ್ನು ಓದುತ್ತಾ ಮುಂದೆ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು.)

ಆ ತರ್ಕದಲ್ಲಿ ಇದ್ದ ತಪ್ಪು ಏನು ಅಂತ ತಿಳಿಯೋಕೆ ಮೇಘಾಲಯಕ್ಕೆ ಹೋಗಬೇಕು. 1850ರಲ್ಲಿ ಜೋಸೆಫ್ ಹೂಕರ್, ಮುಂದೆ ಕ್ಯೂ ತೋಟದ ನಿರ್ದೇಶಕ ಆದವರು, ಖಾಸಿ ಬೆಟ್ಟಗಳಲ್ಲಿ ತಿರುಗುತ್ತಿದ್ದರು. ಅಲ್ಲಿ ನೀಲಿ ವಾಂಡಾ ಆರ್ಕಿಡ್ ಕಂಡಿತು. ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಒಂದಾದ ಚಿರಾಪುಂಜಿ ಅಲ್ಲೇ ಹತ್ತಿರ. ಆದರೆ ಹೂಕರ್ ಕಂಡದ್ದೇ ಬೇರೆ. ಗಿಡಗಳು ಕುಳ್ಳ ಮರಗಳ ಮೇಲೆ, ನೆರಳಿಲ್ಲದ ಕಡೆ, ನಾಲ್ಕೂ ದಿಕ್ಕಿನ ಗಾಳಿಗೆ ಮೈಯೊಡ್ಡಿ ಕೂತಿದ್ದವು. ಚಳಿಗಾಲದಲ್ಲಿ ಅಲ್ಲಿ ಮಳೆಯೇ ಇಲ್ಲ, ಕೆಲವೊಮ್ಮೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ಇಂಗ್ಲೆಂಡಿನ ಬಿಸಿಮನೆಗಳಲ್ಲಿ ಇದೇ ಗಿಡಕ್ಕೆ ನಾವು ಕೊಡುತ್ತಿರೋದು ಇದಕ್ಕೆ ಪೂರ್ತಿ ಉಲ್ಟಾ ಅಲ್ಲವೇ ಅಂತ ಅವರು ತಮ್ಮ ‘ಹಿಮಾಲಯನ್ ಜರ್ನಲ್ಸ್’ನಲ್ಲಿ ಗುರುತು ಮಾಡಿದ್ದಾರೆ.

ನಮಗೂ ಇದು ಗೊತ್ತಿರೋದೇ ಅಲ್ವಾ? ಮಲೆನಾಡಿನ ಮಳೆ ಜೂನ್‌ನಿಂದ ಸೆಪ್ಟೆಂಬರ್. ಜನವರಿಯಿಂದ ಏಪ್ರಿಲ್‌ವರೆಗೆ ಮರದ ತೊಗಟೆ ಬಿರುಕು ಬಿಡುವಷ್ಟು ಒಣಗಿರುತ್ತೆ. ಸೀತಾಳೆ ದಂಡೆ ಅದೇ ತೊಗಟೆಗೆ ಅಂಟಿಕೊಂಡು ಕಾಯುತ್ತೆ. ಅದರ ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತೆ. ಮಳೆ ಬಿದ್ದ ತಕ್ಷಣ ನೀರು ಹೀರಿ ಹಸಿರಾಗುತ್ತೆ, ಮತ್ತೆ ಗಾಳಿಗೆ ಒಣಗಿ ಬೆಳ್ಳಗಾಗುತ್ತೆ. ಒದ್ದೆ, ಒಣ, ಒದ್ದೆ, ಒಣ. ಈ ಲಯವೇ ಅದರ ಉಸಿರಾಟ. ‘ಉಷ್ಣವಲಯ’ ಅನ್ನೋ ಒಂದೇ ಪದದೊಳಗೆ ಬೆಟ್ಟ, ಕಣಿವೆ, ಬೇಸಿಗೆ, ಮಳೆಗಾಲ ಎಲ್ಲವನ್ನೂ ತುರುಕಿ ಸರಾಸರಿ ತೆಗೆದದ್ದೇ ಲಂಡನ್ನಿನವರ ತಪ್ಪು. ಸರಾಸರಿ ಹವಾಮಾನದಲ್ಲಿ ಯಾವ ಗಿಡವೂ ಬೆಳೆಯೋದಿಲ್ಲ.

ತಪ್ಪನ್ನು ಮೊದಲು ಹಿಡಿದದ್ದು ಪಂಡಿತರಲ್ಲ, ಮಣ್ಣಲ್ಲಿ ಕೈಯಾಡಿಸುವವರು. 1830ರ ದಶಕದಲ್ಲಿ ವೆಂಟ್‌ವರ್ತ್‌ನ ಜಮೀನ್ದಾರರ ತೋಟದ ಮಾಲಿ ಜೋಸೆಫ್ ಕೂಪರ್ ಬಿಸಿ ಕಡಿಮೆ ಮಾಡಿ, ಕಿಟಕಿ ತೆಗೆದು ಗಾಳಿ ಬಿಟ್ಟು ಆರ್ಕಿಡ್ ಬೆಳೆಸಿದ. ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್, ಮುಂದೆ ಕ್ರಿಸ್ಟಲ್ ಪ್ಯಾಲೆಸ್ ಕಟ್ಟಿದವನು, ಅದೇ ದಾರಿ ಹಿಡಿದ. ಗಿಡದ ಮೇಲೆ ನೀರು ಸುರಿಯೋ ಬದಲು ನೆಲಕ್ಕೆ, ಕಾಲುದಾರಿಗೆ ನೀರು ಹಾಕಿ ಗಾಳಿಯನ್ನು ತಂಪು ಮಾಡೋದು ಅವನ ಕ್ರಮ. ಬೇಸಿಗೆ ಸಂಜೆ ನಮ್ಮ ಮನೆಗಳಲ್ಲಿ ಅಂಗಳಕ್ಕೆ ನೀರು ಚಿಮುಕಿಸ್ತಾರಲ್ಲ, ಹಾಗೆ. ಇವತ್ತಿಗೂ ದೊಡ್ಡ ಗಾಜಿನಮನೆಗಳಲ್ಲಿ ಮಾಡೋದು ಇದನ್ನೇ.

ಆದರೂ ಹಳೆಯ ಅಭ್ಯಾಸ ಬೇಗ ಹೋಗಲಿಲ್ಲ. ಆಂಡಿಸ್ ಬೆಟ್ಟಗಳ ತಂಪು ಮೋಡಗಾಡಿನಿಂದ ಬಂದ ಓಡಾಂಟೋಗ್ಲಾಸಮ್ ಆರ್ಕಿಡ್‌ಗಳನ್ನೂ ಬಿಸಿಮನೆಯಲ್ಲೇ ಬೇಯಿಸುತ್ತಿದ್ದರು. ಜೇಮ್ಸ್ ಬೇಟ್‌ಮನ್ ಮೊದಲಾದವರು ‘ತಂಪುಮನೆ’ಯ ಕ್ರಮವನ್ನು ಊರಿಗೆಲ್ಲ ಸಾರಿ ಗೆದ್ದದ್ದು 1860ರ ದಶಕದಲ್ಲಿ. ಅಲ್ಲಿಗೆ ಸುಮಾರು ಅರ್ಧ ಶತಮಾನ ಕಳೆದಿತ್ತು.

*

ಸಂಕಟದ ವಿಷಯ ಅಂದೆನಲ್ಲ, ಅದು ಇದು. ಆ ಅರ್ಧ ಶತಮಾನದಲ್ಲಿ ಸತ್ತ ಗಿಡಗಳೆಲ್ಲ ನರ್ಸರಿಯಲ್ಲಿ ಹುಟ್ಟಿದವಲ್ಲ. ಬೀಜದಿಂದ ಆರ್ಕಿಡ್ ಬೆಳೆಸೋ ವಿದ್ಯೆ ಆಗ ಇರಲೇ ಇಲ್ಲ ಅನ್ನಬಹುದು. ಒಂದು ಸತ್ತರೆ ಕಾಡಿನಿಂದ ಇನ್ನೊಂದು.

ಅದೇ ಖಾಸಿ ಬೆಟ್ಟದಲ್ಲಿ ಹೂಕರ್ ಏಳು ಆಳು ಹೊರುವಷ್ಟು ನೀಲಿ ವಾಂಡಾ ಕಿತ್ತು ಕ್ಯೂಗೆ ಕಳಿಸಿದರು. ಜೀವಂತ ತಲುಪಿದ್ದು ಕೆಲವೇ ಕೆಲವು. ಇನ್ನೊಬ್ಬರು ಒಂದು ಆಳಿನ ಹೊರೆ ಕಳಿಸಿ, ಗಿಡಗಳು ಕೆಟ್ಟ ಸ್ಥಿತಿಯಲ್ಲಿ ತಲುಪಿದರೂ 300 ಪೌಂಡಿಗೆ ಮಾರಿದರಂತೆ. ಇದನ್ನು ಬರೆದಿಟ್ಟವರು ಹೂಕರ್ ಅವರೇ. ಆಲ್ಬರ್ಟ್ ಮಿಲಿಕನ್ ಅನ್ನೋ ಆರ್ಕಿಡ್ ಬೇಟೆಗಾರ 1891ರ ತನ್ನ ಪುಸ್ತಕದಲ್ಲಿ ಕೊಲಂಬಿಯಾದ ಕಾಡಿನ ಎರಡು ತಿಂಗಳ ಕೆಲಸದ ಲೆಕ್ಕ ಕೊಡ್ತಾನೆ: ಸಿಕ್ಕ ಗಿಡ ಸುಮಾರು 10,000. ಅದಕ್ಕಾಗಿ ಕಡಿದು ಉರುಳಿಸಿದ ಮರ ಸುಮಾರು 4,000. ಮರದ ಮೇಲಿನ ಗಿಡ ಕೈಗೆ ಸಿಗಬೇಕಾದರೆ ಮರವನ್ನೇ ಕಡಿಯೋದು ಸುಲಭ ಅಂತ!

ಲಂಡನ್ನಿನ ಕುಂಡದಲ್ಲಿ ಬೇರು ಕೊಳೆತರೆ ಆಂಡಿಸ್‌ನಲ್ಲಿ ಮರ ಉರುಳುತ್ತಿತ್ತು. ಕುಂಡಕ್ಕೆ ಏನು ತುಂಬಬೇಕು ಅನ್ನೋದು ಕ್ಷುಲ್ಲಕ ಪ್ರಶ್ನೆ ಅನ್ನಿಸುತ್ತೆ. ಇದನ್ನು ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ.

*

ಹಾಗಾದರೆ ಕುಂಡಕ್ಕೆ ಏನು ತುಂಬಬೇಕು?

ಜೋಸೆಫ್ ಬ್ಯಾಂಕ್ಸ್ (ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಹೋದವರು) 1810ರ ದಶಕದಲ್ಲೇ ಒಂದು ಒಳ್ಳೆ ಉತ್ತರ ಕೊಟ್ಟಿದ್ದರು. ಕಡ್ಡಿಗಳಿಂದ ಹೆಣೆದ ಬುಟ್ಟಿ, ಒಳಗೆ ಸಡಿಲ ಮಣ್ಣು, ಹಾವಸೆ, ಅದರಲ್ಲಿ ಗಿಡ. ಬುಟ್ಟಿಯ ಸಂದಿಯಲ್ಲಿ ಗಾಳಿ ಆಡುತ್ತೆ, ಬೇರು ಹೊರಗೆ ಇಣುಕುತ್ತೆ. ಈಗಲೂ ವಾಂಡಾ ಬೆಳೆಸೋದು ಬುಟ್ಟಿಯಲ್ಲೇ. ಆಗ ಹೆಚ್ಚು ಜನ ಕೇಳಲಿಲ್ಲ. ಮುಂದೆ ಒಡೆದ ಕುಂಡದ ಚೂರು, ಇದ್ದಿಲು, ಸ್ಫ್ಯಾಗ್ನಮ್ ಹಾವಸೆ ಬಂದವು. ಆಮೇಲೆ ಆಸ್ಮಂಡಾ ಅನ್ನೋ ಜರೀಗಿಡದ ತಂತಿಯಂಥ ಬೇರಿನ ಗಂಟು ಬಂತು. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಆರ್ಕಿಡ್ ಅಂದರೆ ಆಸ್ಮಂಡಾ. ಅದನ್ನೂ ಕಾಡಿನಿಂದ ಅಗೆದು ಅಗೆದು ದುಬಾರಿಯಾದಾಗ 1950ರ ದಶಕದಲ್ಲಿ ಅಮೆರಿಕಾದಲ್ಲಿ ಮರಮಟ್ಟಿನ ಉದ್ಯಮದ ಕಸ, ಅಂದರೆ ಫರ್ ಮರದ ತೊಗಟೆ ಚೂರು ಬಳಕೆಗೆ ಬಂತು. ನಾನು ಕಸ ಅಂತ ಎಸೆದೆನಲ್ಲ, ಅದೇ! ನೂರೈವತ್ತು ವರ್ಷದ ಕಲಿಕೆಯನ್ನು ನಾನು ಐದು ನಿಮಿಷದಲ್ಲಿ ಡಸ್ಟ್‌ಬಿನ್‌ಗೆ ಹಾಕಿದ್ದೆ.

ಉಳಿದ ಮನೆಗಿಡಗಳ ಕತೆ ಸ್ವಲ್ಪ ಬೇರೆ. 1930ರ ದಶಕದವರೆಗೂ ಪ್ರತಿ ಮಾಲಿಗೂ ತನ್ನದೇ ಗುಟ್ಟಿನ ಮಿಶ್ರಣ, ಗಿಡಕ್ಕೊಂದು ಪಾಕ. ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ತಳಿವಿಜ್ಞಾನದ ಪ್ರಯೋಗಕ್ಕೆ ಬೆಳೆಸುತ್ತಿದ್ದ ಪ್ರಿಮ್ಯುಲಾ ಸಸಿಗಳು ಒಂದೇ ಸಮ ಸಾಯತೊಡಗಿದಾಗ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂಯೆಲ್ ಈ ಗುಟ್ಟುಗಳನ್ನೆಲ್ಲ ಪಕ್ಕಕ್ಕಿಟ್ಟು ಪರೀಕ್ಷೆ ಮಾಡಿದರು. ಹಬೆಯಲ್ಲಿ ಶುದ್ಧ ಮಾಡಿದ ಗೋಡುಮಣ್ಣು 7 ಭಾಗ, ಪೀಟ್ 3 ಭಾಗ, ದಪ್ಪ ಮರಳು 2 ಭಾಗ, ಮೇಲೆ ಅಳತೆಯ ಗೊಬ್ಬರ. ಇದೊಂದೇ ಮಿಶ್ರಣ ಬಹುತೇಕ ಎಲ್ಲ ಗಿಡಕ್ಕೂ ಆಗುತ್ತೆ ಅಂತ ತೋರಿಸಿ, ಸೂತ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಮ್ಮ ಭಾಷೆಯಲ್ಲಿ ಓಪನ್ ಸೋರ್ಸ್. ಇವತ್ತಿಗೂ ಇಲ್ಲಿನ ಅಂಗಡಿಗಳಲ್ಲಿ ಜಾನ್ ಇನ್ಸ್ ಹೆಸರಿನ ಚೀಲ ಸಿಗುತ್ತೆ, ತಯಾರಿಸುವವರು ಬೇರೆ ಬೇರೆ. 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಣ್ಣನ್ನೇ ಬಿಟ್ಟು ಮರಳು ಮತ್ತು ಪೀಟ್‌ನ ಕ್ರಮ ಪ್ರಕಟಿಸಿದರು. 1960ರ ದಶಕದಲ್ಲಿ ಕಾರ್ನೆಲ್‌ನವರು ಮರಳನ್ನೂ ಬಿಟ್ಟು ಪೀಟ್ ಜೊತೆ ವರ್ಮಿಕ್ಯುಲೈಟ್, ಪರ್ಲೈಟ್ ಸೇರಿಸಿದರು. ಹಗುರ, ಸ್ವಚ್ಛ, ಲಾರಿಯಲ್ಲಿ ಸಾಗಿಸೋಕೆ ಸುಲಭ.

ಇವೆಲ್ಲದರ ಹಿಂದಿನ ತತ್ವ ಒಂದೇ. ಕುಂಡದೊಳಗೆ ತುಂಬೋದು ಗಿಡದ ಊಟ ಅಲ್ಲ, ಅದರ ಮನೆ. ಊಟವನ್ನು ಗೊಬ್ಬರದ ನೀರಿನಲ್ಲಿ ಕೊಡಬಹುದು. ಮನೆಯಲ್ಲಿ ಇರಬೇಕಾದ್ದು ಎರಡು: ನೀರು ನಿಲ್ಲೋ ಸಣ್ಣ ಸಂದಿ, ಗಾಳಿ ಆಡೋ ದೊಡ್ಡ ಸಂದಿ. ಬೇರೂ ಆಮ್ಲಜನಕ ಉಸಿರಾಡುತ್ತೆ. ಎಲ್ಲ ಸಂದಿಯಲ್ಲೂ ನೀರೇ ತುಂಬಿದರೆ ಬೇರು ಮುಳುಗಿ ಸಾಯುತ್ತೆ. ಸತ್ತ ಬೇರು ನೀರು ಹೀರಲ್ಲ, ಹಾಗಾಗಿ ಎಲೆ ಬಾಡುತ್ತೆ. ಅದನ್ನು ನೋಡಿ ನಾವು ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಹಾಕ್ತೀವಿ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಪಾತ್ರೆ ತೊಳೆಯೋ ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡ ಹಿಡಿಯಿರಿ. ಒಂದಷ್ಟು ನೀರು ತೊಟ್ಟಿಕ್ಕಿ ನಿಲ್ಲುತ್ತೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತೆ! ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದ ತಳದಲ್ಲೂ ಹೀಗೇ ಒಂದು ಪದರ ಯಾವಾಗಲೂ ಒದ್ದೆಯಾಗಿ ನಿಂತಿರುತ್ತೆ. ಅದರ ದಪ್ಪವನ್ನು ನಿರ್ಧರಿಸೋದು ನಾವು ತುಂಬಿದ ವಸ್ತುವಿನ ಕಣದ ಗಾತ್ರ. ನುಣ್ಣಗಿದ್ದಷ್ಟೂ ದಪ್ಪ, ಒರಟಾದಷ್ಟೂ ತೆಳು. ನೀರು ಬಸಿದು ಹೋಗಲಿ ಅಂತ ತಳಕ್ಕೆ ಜಲ್ಲಿ ಹಾಕ್ತೀವಲ್ಲ, ಅದರಿಂದ ಆ ಒದ್ದೆ ಪದರ ಹೋಗೋದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರ ಆಗುತ್ತೆ ಅಷ್ಟೆ. ನಮ್ಮಮ್ಮ ಇದನ್ನು ಫೋನಿನಲ್ಲಿ ಕೇಳಿ ನಂಬಲಿಲ್ಲ. ಸ್ಪಂಜು ಹಿಡಿದು ನೋಡಿದ ಮೇಲೂ ಪೂರ್ತಿ ನಂಬಿಲ್ಲ ಅನ್ನಿಸುತ್ತೆ.

*

ಪೀಟ್ ಅಂದೆನಲ್ಲ, ಅದರ ಲೆಕ್ಕವೂ ಬಾಕಿ ಇದೆ. ಜೌಗು ನೆಲದಲ್ಲಿ ಹಾವಸೆ ಕೊಳೆಯದೆ ಪದರ ಪದರವಾಗಿ ಕೂತು ಆಗೋದು ಪೀಟ್. ವರ್ಷಕ್ಕೆ ಬೆಳೆಯೋದು ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಅಗೆದರೆ ಸುಮಾರು ಸಾವಿರ ವರ್ಷ ಅಗೆದ ಹಾಗೆ. ಹಿಡಿದಿಟ್ಟ ಇಂಗಾಲವೂ ಗಾಳಿಗೆ. ಬ್ರಿಟನ್ ಸರ್ಕಾರ 2022ರಲ್ಲಿ, ಇಂಗ್ಲೆಂಡಿನಲ್ಲಿ 2024ರ ಹೊತ್ತಿಗೆ ಮನೆತೋಟದವರಿಗೆ ಪೀಟ್ ಮಾರಾಟ ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಆ ಗಡುವಿನೊಳಗೆ ಕಾನೂನು ಬರಲಿಲ್ಲ. ಆದರೂ ಅನೇಕ ಅಂಗಡಿಗಳು ತಾವಾಗಿಯೇ ಪೀಟ್ ಇಲ್ಲದ ಚೀಲಗಳಿಗೆ ಬದಲಾದವು.

ಬದಲಿಗೆ ಬಂದದ್ದರಲ್ಲಿ ಒಂದು ತೆಂಗಿನ ನಾರಿನ ಪುಡಿ. ಇದು ಹೊಸದೇನಲ್ಲ. 1860ರ ದಶಕದಲ್ಲೇ ಇಂಗ್ಲೆಂಡಿನ ತೋಟಗಳಲ್ಲಿ ನಾರಿನ ಕಾರ್ಖಾನೆಯ ಕಸ ಅಂತ ಬಳಸಿ, ಆಮೇಲೆ ಮರೆತಿದ್ದರು. ಪೀಟ್ ಬಗ್ಗೆ ತಕರಾರು ಎದ್ದ ಮೇಲೆ ಮತ್ತೆ ನೆನಪಾಯಿತು. ಹೋದ ಫೆಬ್ರವರಿಯಲ್ಲಿ ಉಳಿದ ಗಿಡಗಳಿಗೆ ಅಂತ ಒಂದು ಇಟ್ಟಿಗೆ ಕೊಂಡೆ. ನೀರಲ್ಲಿ ನೆನೆಸಿದರೆ ಅರಳಿ ಬಕೆಟ್ ತುಂಬುತ್ತೆ. ಹೊದಿಕೆಯ ಮೇಲೆ ‘ಭಾರತದ ಉತ್ಪನ್ನ’ ಅಂತ ಇತ್ತು. ಮೂಗಿಗೆ ಹಿಡಿದರೆ ತಿಪಟೂರು, ಅರಸೀಕೆರೆ ಕಡೆಯ ನಾರಿನ ಗಿರಣಿಗಳ ವಾಸನೆ. ಬಸ್ಸಿನ ಕಿಟಕಿಯಿಂದ ರಸ್ತೆ ಪಕ್ಕದಲ್ಲಿ ಗುಡ್ಡೆ ಗುಡ್ಡೆ ಕಂಡಿದ್ದ ಆ ಕಂದು ಪುಡಿ ಇಲ್ಲಿ ದುಡ್ಡು ಕೊಟ್ಟರೆ ಸಿಗುತ್ತೆ.

ನಾರಿನ ಪುಡಿಗೆ ಖರ್ಚೇ ಇಲ್ಲ ಅಂತಲ್ಲ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಇರುತ್ತೆ. ಒಳ್ಳೆ ಗುಣಮಟ್ಟದ್ದು ಬೇಕಾದರೆ ಸಿಹಿನೀರಲ್ಲಿ ತೊಳೆಯಬೇಕು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಹದ ಮಾಡಬೇಕು. ಲಂಡನ್ನಿನ ಕುಂಡಕ್ಕಾಗಿ ತೊಳೆದ ನೀರು ನಮ್ಮ ಬಯಲುಸೀಮೆಯ ಬೋರ್‌ವೆಲ್ಲಿನದೇ ಆಗಿದ್ದರೆ? ಬೀಗೋಕೆ ಹೊರಟವನು ಅಲ್ಲಿ ಸ್ವಲ್ಪ ಸುಮ್ಮನಾದೆ. ಆರ್ಕಿಡ್‌ಗೆ ಮರ, ಆಸ್ಮಂಡಾಕ್ಕೆ ಕಾಡು, ಪೀಟ್‌ಗೆ ಜೌಗು, ನಾರಿಗೆ ನೀರು. ಕುಂಡದೊಳಗಿನದು ಯಾವುದೋ ಊರಿನ ಪಾಲಿನದು ಅಂತ ಗೊತ್ತಿದ್ದರೆ ವರ್ಷ ವರ್ಷ ಎಸೆಯೋಕೆ ಮನಸ್ಸು ಬರೋಲ್ಲ. ಈಗ ಹಳೆಯದನ್ನೇ ಜಾಲಿಸಿ, ಸ್ವಲ್ಪ ಪರ್ಲೈಟ್ ಸೇರಿಸಿ ಮತ್ತೆ ಬಳಸ್ತೀನಿ.

ಕೊನೆಗೆ ಆ ತೇವದ ಡಬ್ಬಿ. ಹೊರಗೆ 5 ಡಿಗ್ರಿ ಸೆಲ್ಸಿಯಸ್, ಹ್ಯುಮಿಡಿಟಿ ಶೇ. 80 ಅಂದುಕೊಳ್ಳಿ. ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಕಾದರೆ ಹ್ಯುಮಿಡಿಟಿ ಶೇ. 28ರ ಹತ್ತಿರಕ್ಕೆ ಇಳಿಯುತ್ತೆ. ನೀರು ಎಲ್ಲೂ ಹೋಗಿಲ್ಲ, ಬಿಸಿ ಗಾಳಿಯ ಹೊಟ್ಟೆ ದೊಡ್ಡದಾಯಿತು ಅಷ್ಟೆ. ಹಾಗಾಗಿ ಮನೆ ಒಣಗಿದೆ ಅನ್ನೋ ನನ್ನ ಲೆಕ್ಕ ಸರಿಯೇ ಇತ್ತು, ಪರಿಹಾರ ತಪ್ಪಿತ್ತು. ಎಲೆಗೆ ನೀರು ಚಿಮುಕಿಸಿದರೆ ಕೆಲವು ನಿಮಿಷದಲ್ಲಿ ಆರಿಹೋಗುತ್ತೆ. ಗಿಡಗಳನ್ನು ಗುಂಪಾಗಿ, ಹೀಟರಿನಿಂದ ದೂರ ಇಟ್ಟರೆ, ಒಂದು ಸಣ್ಣ ಹ್ಯುಮಿಡಿಫೈಯರ್ ಜೊತೆಗೆ ನಿಧಾನ ತಿರುಗೋ ಫ್ಯಾನ್ ಇಟ್ಟರೆ ಉಪಯೋಗ ಜಾಸ್ತಿ. ಜರೀಗಿಡಕ್ಕೆ ವಾರ್ಡನ ಪೆಟ್ಟಿಗೆ ಸರಿ, ಆರ್ಕಿಡ್‌ಗೆ ಕೂಪರನ ಕಿಟಕಿ ಸರಿ. ಯಾವ ಗಿಡ ಎಲ್ಲಿಂದ ಬಂತು ಅಂತ ಕೇಳದೆ ಉತ್ತರ ಹೇಳೋಕೆ ಆಗೋದಿಲ್ಲ.

ಈಗ ಕಿಟಕಿ ಹತ್ತಿರ ಇನ್ನೊಂದು ಫಲನಾಪ್ಸಿಸ್ ಇದೆ. ಈ ಸಲ ತೊಗಟೆ ಚೂರು ಮುಟ್ಟಿಲ್ಲ. ಬೇರು ಬೆಳ್ಳಗಾದ ಮೇಲೆ ನೀರು, ಹಸಿರಾದರೆ ಸುಮ್ಮನೆ ಇರೋದು. ಎರಡು ಹೊಸ ಬೇರು ಕುಂಡದಿಂದ ಹೊರಗೆ ಚಾಚಿ ಗಾಳಿಯಲ್ಲಿ ತಡಕಾಡ್ತಾ ಇವೆ. ಮೊದಲಾಗಿದ್ದರೆ ಒಳಗೆ ತುರುಕುತ್ತಿದ್ದೆ. ಅಜ್ಜಿ ಮನೆಯ ಹಿತ್ತಲ ಹಲಸಿನ ಮರದ ಮೇಲೆ ಸೀತಾಳೆ ದಂಡೆಯ ಬೇರು ಹೀಗೇ ಜೋತಾಡ್ತಿತ್ತು. ಅದಕ್ಕೆ ಯಾರೂ ಒಂದು ದಿನವೂ ನೀರು ಹಾಕಿದ್ದು ನಾನು ಕಂಡಿಲ್ಲ.